ಅಸ್ಸಾಂ, ನೀಲಗಿರಿ, ಡಾರ್ಜಿಲಿಂಗ್: ನಿಮ್ಮ ಮನೆಗೆ ಯಾವ ಎಲೆ ಚಹಾ?

ಬೆಳಗಾವಿಯಲ್ಲಿ ಈಗ ಥರಾವರಿ ಚಹಾಪುಡಿ ಸಿಗುತ್ತದೆ. ರವಿವಾರ ಪೇಟೆಯ ಅಂಗಡಿಗಳಲ್ಲಿ ತೂಗಿ ಕೊಡುವ ಬಿಡಿ ಪುಡಿ ಮೊದಲಿಂದಲೂ ಇದೆ. ಟಿಳಕವಾಡಿ ಕಡೆಯ ದೊಡ್ಡ ಅಂಗಡಿಗಳಲ್ಲಿ ಚಂದದ ಡಬ್ಬಿಗಳಲ್ಲಿ ಉದ್ದೆಲೆ ಚಹಾ ಬಂದು ಕೂತಿದೆ. ಫೋನ್ ತೆಗೆದರೆ ತೋಟದವರೇ ನೇರವಾಗಿ ಮನೆಗೆ ಕಳಿಸುತ್ತಾರೆ. ಹಾಗಾಗಿ ಪರಿಚಯದವರು ಕೇಳುವ ಪ್ರಶ್ನೆಯೂ ಬದಲಾಗಿದೆ. "ಅಕ್ಕಾರ, ಇಷ್ಟ ರೊಕ್ಕಾ ಕೊಟ್ಟು ಡಾರ್ಜಿಲಿಂಗ್ ತರಸೂದು ಬರೋಬರಿನೋ, ಇಲ್ಲಾ ಅಸ್ಸಾಂ ಸಾಕೋ?"

ನಾನು ತಿರುಗಿ ಕೇಳುವುದು ಒಂದೇ: "ಹಾಲು ಹಾಕತೀರೋ, ಇಲ್ಲೋ?"

ನಮ್ಮ ಕಡೆ ಇದು ವಿಚಿತ್ರ ಪ್ರಶ್ನೆ. ಚಹಾ ಅಂದ ಮೇಲೆ ಹಾಲು ಇದ್ದೇ ಇರುತ್ತದೆ, ಅಲ್ವಾ? ಆದರೆ ಎಲೆ ಚಹಾ ಕೊಳ್ಳುವಾಗ ದುಡ್ಡು ಉಳಿಯುವುದೂ ಹಾಳಾಗುವುದೂ ಈ ಒಂದು ಮಾತಿನ ಮೇಲೆ ನಿಂತಿದೆ. ಎಮ್ಮೆ ಹಾಲು, ಸಕ್ಕರೆ, ಹಸಿಶುಂಠಿ ಹಾಕಿ ಕುದಿಸುವ ಮನೆಗೆ ದುಬಾರಿ ಡಾರ್ಜಿಲಿಂಗ್ ತಂದರೆ ಹಾಲಿನ ಬಣ್ಣ ಕೂಡ ಸರಿಯಾಗಿ ಬದಲಾಗುವುದಿಲ್ಲ. ಇನ್ನು ಕೆಲವರು ಡಾಕ್ಟರು ಹೇಳಿದರು ಎಂದು ಹಾಲು ಬಿಡುತ್ತಾರೆ, ಮನೆಯಲ್ಲಿದ್ದ ಡಸ್ಟ್ ಪುಡಿಯನ್ನೇ ಬಿಸಿನೀರಿನಲ್ಲಿ ಕುದಿಸಿ ಕುಡಿಯುತ್ತಾರೆ. ಎರಡನೇ ಗುಟುಕಿಗೇ ಮುಖ ಕಿವುಚುತ್ತಾರೆ. ಹಾಲಿಲ್ಲದ ಚಹಾದ ಹಣೆಬರಹವೇ ಇಷ್ಟು ಎಂದು ಅಲ್ಲಿಗೇ ಕೈಬಿಡುತ್ತಾರೆ. ಇಬ್ಬರದೂ ತಪ್ಪಿರುವುದು ಎಲೆಯ ಆಯ್ಕೆಯಲ್ಲಿ.

ಮೊದಲು ಏನು ನೋಡಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಹಾಲು, ನೀರು, ಪುರುಸೊತ್ತು, ಕಪ್ಪಿನ ಲೆಕ್ಕದಲ್ಲಿ ಖರ್ಚು. ಊರಿನ ಹೆಸರು, ಡಬ್ಬಿಯ ಚಂದ ಎಲ್ಲ ಆಮೇಲೆ.

ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನು ಇದೆ. ಅದು ಚಹಾದ ಒಗರನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಕಡಕ್ ಡಿಕಾಕ್ಷನ್‌ಗೆ ಹಾಲು ಬಿದ್ದ ಕೂಡಲೇ ನಾಲಿಗೆಗೆ ಮೆತ್ತಗೆನಿಸುವುದು. ಒಗರು ಜಾಸ್ತಿ ಇರುವ ಪುಡಿಗೆ ಇದರಿಂದ ಲಾಭ. ಬರೀ ಪರಿಮಳದ ಮೇಲೆ ನಿಂತಿರುವ ಎಲೆಗೆ ನಷ್ಟ. ಎಮ್ಮೆ ಹಾಲಾದರೆ ಜಿಡ್ಡೂ ಜಾಸ್ತಿ, ಪರಿಮಳ ಇನ್ನಷ್ಟು ಅಡಗುತ್ತದೆ. ಹಾಗಾಗಿ ಹಾಲಿನ ಚಹಾಕ್ಕೆ ಬೇಕಾದ್ದು ಗಟ್ಟಿತನ, ಹಾಲಿಲ್ಲದ ಚಹಾಕ್ಕೆ ಬೇಕಾದ್ದು ಪರಿಮಳ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹುಡುಕಿದರೆ ಎರಡೂ ಅರ್ಧಂಬರ್ಧ ಸಿಗುತ್ತವೆ.

ನೀರಿನ ಮಾತು ಯಾರೂ ಆಡುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಬೋರಿನ ನೀರು ಬಹಳ ಕಡೆ ಗಡಸು. ಆ ನೀರಿನಲ್ಲಿ ಮಾಡಿದ ಕರಿ ಚಹಾವನ್ನು ಹತ್ತು ನಿಮಿಷ ಸುಮ್ನೆ ಬಿಟ್ಟು ನೋಡಿ. ಮೇಲೆ ತೆಳ್ಳನೆಯ ಹೊಳೆಯುವ ಪದರ ಕಟ್ಟುತ್ತದೆ. ಕಪ್ಪು ಅಲ್ಲಾಡಿಸಿದರೆ ಚೂರುಚೂರಾಗಿ ತೇಲುತ್ತದೆ, ಅಂಚಿಗೆ ಕಂದು ಗೆರೆ ಅಂಟಿಸುತ್ತದೆ. ಇದು ಪುಡಿಯ ಕಲಬೆರಕೆ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಅಂಗಡಿಯವರ ತಪ್ಪಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ ಚಹಾದ ಅಂಶಗಳ ಜೊತೆ ಸೇರಿದಾಗ ಹಾಗಾಗುತ್ತದೆ. ಬಣ್ಣ ಮಂಕಾಗುತ್ತದೆ, ಪರಿಮಳ ಕುಗ್ಗುತ್ತದೆ. ಹಾಲಿನ ಚಹಾದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕರಿ ಚಹಾದಲ್ಲಿ ಎದ್ದು ಕಾಣುತ್ತದೆ.

ಹಾಗಂತ ಆರ್‌ಓ ಮಷೀನಿನ ನೀರೇ ಎಲ್ಲಕ್ಕೂ ಮದ್ದಲ್ಲ. ಖನಿಜ ಪೂರ್ತಿ ತೆಗೆದ ನೀರಿನಲ್ಲಿ ಚಹಾ ಸಪ್ಪೆ. ಆರ್‌ಓ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸಿ ನೋಡಬಹುದು. ಮಷೀನು ಇಲ್ಲದವರು ಗಡಸು ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಗಷ್ಟು ಕದಡದಂತೆ ಮೇಲಿನ ತಿಳಿ ಬಸಿದುಕೊಂಡರೆ ಗಡಸುತನ ಒಂದಿಷ್ಟು ಇಳಿಯುತ್ತದೆ. ಇಷ್ಟು ಮಾಡಲು ಬೇಸರವೇ? ಹಾಗಾದರೆ ದುಬಾರಿ ಎಲೆಗೆ ಹೋಗಬೇಡಿ. ಅಸ್ಸಾಂ ಪುಡಿ, ಗಟ್ಟಿ ಹಾಲು, ಅದೇ ನಿಮಗೆ ಸರಿ.

ಖರ್ಚಿನ ಲೆಕ್ಕದಲ್ಲಿ ನಾವು ಕಿಲೋ ದರ ನೋಡಿ ಹೆದರುತ್ತೇವೆ. ಕಪ್ಪಿನ ಲೆಕ್ಕ ಹಾಕಿದರೆ ಚಿತ್ರ ಬೇರೆ. ಒಂದು ಕಪ್ಪಿಗೆ ಎರಡೂವರೆ ಗ್ರಾಂ ಎಲೆ ಅಂದುಕೊಳ್ಳಿ. ಕಿಲೋಗೆ 500 ರೂಪಾಯಿಯ ಪುಡಿಯಾದರೆ ಕಪ್ಪಿಗೆ ಒಂದೂಕಾಲು ರೂಪಾಯಿ. 100 ಗ್ರಾಂಗೆ 250 ರೂಪಾಯಿಯ ಉದ್ದೆಲೆಯಾದರೆ ಆರೂಕಾಲು ರೂಪಾಯಿ. ಅದೇ ಎಲೆಗೆ ಎರಡನೇ ಸಲ ನೀರು ಹಾಕಿದರೆ ಕಪ್ಪಿಗೆ ಮೂರು ರೂಪಾಯಿ ಚಿಲ್ಲರೆ. 100 ಗ್ರಾಂಗೆ 700 ರೂಪಾಯಿಯದಾದರೆ ಹದಿನೇಳೂವರೆ, ಎರಡು ಸಲ ಹಾಕಿದರೆ ಒಂಬತ್ತರ ಹತ್ತಿರ. ಉದ್ದೆಲೆಗೆ ಹಾಲು, ಸಕ್ಕರೆಯ ಖರ್ಚು ಬಹುತೇಕ ಇಲ್ಲ ಎಂಬುದನ್ನೂ ನೆನಪಿಡಿ. ಬಸ್ ಸ್ಟ್ಯಾಂಡಿನ ಚಹಾಕ್ಕೆ ನಾವು ಯೋಚನೆಯನ್ನೇ ಮಾಡದೆ ಕೊಡುವ ದುಡ್ಡಿಗೆ ಹೋಲಿಸಿದರೆ ಇದೇನು ಶ್ರೀಮಂತರ ಚಟವಲ್ಲ.

ಅಸ್ಸಾಂ: ಹಾಲಿನ ಮನೆಗೆ ಇದೇ

ಬ್ರಹ್ಮಪುತ್ರದ ಬಯಲು, ಸುರಿಯುವ ಮಳೆ, ಕುದಿಯುವ ಸೆಕೆ. ಅಲ್ಲಿಯ ಚಹಾ ಗಿಡದ ಎಲೆ ದೊಡ್ಡದು. ಅದು ಅಲ್ಲಿಯದೇ ಗಿಡ. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನಿಗೆ ಸಿಂಗ್ಫೋ ಬುಡಕಟ್ಟಿನವರಿಂದ ಇದರ ಸುಳಿವು ಸಿಕ್ಕಿತು. 1839ರಲ್ಲಿ ಅಸ್ಸಾಂ ಚಹಾ ಲಂಡನ್ನಿನಲ್ಲಿ ಹರಾಜಿಗೆ ಬಂತು. ಬ್ರೂಸ್‌ಗೆ ತೋರಿಸುವ ಮೊದಲಿಂದಲೂ ಸಿಂಗ್ಫೋ ಜನ ಅದನ್ನು ಕುಡಿಯುತ್ತಿದ್ದರು. ಆದರೂ 'ಕಂಡುಹಿಡಿದ' ಹೆಸರು ಬ್ರೂಸ್‌ಗೆ ಹೋಯಿತು, ಇರಲಿ.

ಅಸ್ಸಾಂನಲ್ಲೇ ಎರಡು ಜಾತಿ ತಿಳಿದುಕೊಳ್ಳಬೇಕು. ಒಂದು ಸಿಟಿಸಿ. ಬಾಡಿಸಿದ ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿ ಕಾಳು ಕಾಳಾಗಿ ತೆಗೆಯುವುದು. ಈ ಮಷೀನು ಹುಟ್ಟಿದ್ದು 1930ರ ದಶಕದಲ್ಲಿ, ಅಸ್ಸಾಂನಲ್ಲೇ. ಎಲೆ ಅಷ್ಟು ಸಣ್ಣಗಾಗಿರುವುದರಿಂದ ನೀರಿಗೆ ಬಿದ್ದ ಕೂಡಲೇ ಬಣ್ಣ, ಒಗರು ಬಿಟ್ಟುಕೊಡುತ್ತದೆ. ನಮ್ಮ ಮನೆಗಳಲ್ಲಿ ಕುದಿಯುವುದು ಬಹುಪಾಲು ಇದೇ. ಇನ್ನೊಂದು ಆರ್ಥಡಾಕ್ಸ್. ಎಲೆಯನ್ನು ಜಜ್ಜದೆ ಹೊಸೆದು ಮಾಡಿದ್ದು. ನೋಡಲು ಕಪ್ಪು ಕಡ್ಡಿ ಕಡ್ಡಿ, ನಡುನಡುವೆ ಬಂಗಾರದ ಬಣ್ಣದ ತುದಿಗಳು. ಮೇ ಕೊನೆಯಿಂದ ಜೂನ್‌ವರೆಗೆ ಕೀಳುವ ಎರಡನೇ ಫ್ಲಶ್‌ನ, ಅಂದರೆ ವರ್ಷದ ಎರಡನೇ ಸುತ್ತಿನ ಚಿಗುರಿನ, ಎಲೆಗೆ ಬೆಲೆ ಜಾಸ್ತಿ. ಮೊಳಕೆ ಕಟ್ಟಿ ಹುರಿದ ಧಾನ್ಯದ ಘಮ, ಬಾಯಿ ತುಂಬುವ ಗಟ್ಟಿ ರುಚಿ.

ಹಾಲು ಬಿಡದವರಿಗೆ ನಾನು ಹೇಳುವುದು ಬೆರಕೆ. ಮೂರು ಪಾಲು ಸಿಟಿಸಿ ಕಾಳು, ಒಂದು ಪಾಲು ಅಸ್ಸಾಂ ಆರ್ಥಡಾಕ್ಸ್. ಕಾಳು ಬಣ್ಣ, ಕಸುವು ಕೊಡುತ್ತದೆ. ಎಲೆ ಘಮ ಕೊಡುತ್ತದೆ. ಆರ್ಥಡಾಕ್ಸ್‌ನಲ್ಲೂ ಪೂರ್ತಿ ಎಲೆ ಬೇಕಿಲ್ಲ. ಮುರಿದ ಎಲೆ, ಅಂದರೆ ಬಿಓಪಿ ಎಂದು ಬರೆದಿರುವುದು, ಸಾಕು. ಬೆಲೆಯೂ ಕಡಿಮೆ. ಬಿಡಿ ಪುಡಿ ತೂಗುವ ಅಂಗಡಿಯವರಿಗೆ ಬೆರಕೆ ಹೊಸದೇನೂ ಅಲ್ಲ. ಕೇಳಿದರೆ ಕಾಳು ಇಷ್ಟು, ಡಸ್ಟ್ ಇಷ್ಟು ಎಂದು ಅವರೇ ಕೂಡಿಸಿ ಕೊಡುತ್ತಾರೆ. ಡಸ್ಟ್ ಮಾತ್ರ ಕಡಿಮೆ ಹಾಕಿಸಿ. ಬಣ್ಣ ಬೇಗ ಬರುತ್ತದೆ ನಿಜ, ಕಹಿಯೂ ಅಷ್ಟೇ ಬೇಗ ಬರುತ್ತದೆ.

ಮಾಡುವಾಗ ನೀರಿಗೆ ಪುಡಿ ಮೊದಲು. ಎರಡು ಮೂರು ನಿಮಿಷ ಕುದಿದು ಬಣ್ಣ ಬಿಟ್ಟ ಮೇಲೆ ಹಾಲು. ಹಾಲು ಒಂದು ಕುದಿ ಬಂದರೆ ಮುಗಿಯಿತು. ಎಮ್ಮೆ ಹಾಲಾದರೆ ಹಾಲಿಗಿಂತ ನೀರು ಸ್ವಲ್ಪ ಜಾಸ್ತಿ ಇರಲಿ. ಇದ್ದ ಪುಡಿಯನ್ನೇ ಮತ್ತೆ ಮತ್ತೆ ಕುದಿಸಿದರೆ ಕಡಕ್ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಹಾಗೆ ಬರುವುದು ಕಹಿ. ಕಡಕ್ ಬೇಕಾದರೆ ಪುಡಿ ಅರ್ಧ ಚಮಚ ಜಾಸ್ತಿ ಹಾಕಿ, ಹೊತ್ತು ಅಷ್ಟೇ ಇರಲಿ.

ಬೆಲ್ಲದ ಚಹಾ ಕುಡಿಯುವವರಿಗೂ ಅಸ್ಸಾಂ ಒಂದೇ ದಾರಿ. ಮಹಾಲಿಂಗಪುರದ ಬೆಲ್ಲದ ಎದುರು ಬೇರೆ ಊರಿನ ನಾಜೂಕು ಎಲೆ ನಿಲ್ಲುವುದಿಲ್ಲ. ಆದರೆ ಹಾಲು ಕುದಿಯುವಾಗ ಬೆಲ್ಲ ಹಾಕಿದರೆ ಒಡೆಯುವ ಭಯ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ. ಪಾತ್ರೆ ಇಳಿಸಿದ ಮೇಲೆ ಕಪ್ಪಿಗೇ ಬೆಲ್ಲ ಹಾಕಿ ಕಲಸುವುದು ಸುರಕ್ಷಿತ.

ಅಸ್ಸಾಂ ಆರ್ಥಡಾಕ್ಸ್ ಅನ್ನು ಹಾಲಿಲ್ಲದೆಯೂ ಕುಡಿಯಬಹುದು. ಕುದಿವ ನೀರು, ನಾಲ್ಕು ನಿಮಿಷ, ಸ್ವಲ್ಪ ಸಕ್ಕರೆ. ಚುರುಮುರಿ ಚೂಡಾ, ಮಿರ್ಚಿ ಭಜಿಯ ಜೊತೆ ಚೆನ್ನಾಗಿ ಹೋಗುತ್ತದೆ. ಐದು ನಿಮಿಷ ದಾಟಿದರೆ ಮಾತ್ರ ಒಗರು ಹೆಚ್ಚಿ ನಾಲಿಗೆ ಒಣಗುತ್ತದೆ.

ನೀಲಗಿರಿ: ಹಾಲು ಬಿಡುವವರ ಮೊದಲ ಡಬ್ಬಿ

ಮೊದಲ ಸಲ ಹಾಲಿಲ್ಲದ ಚಹಾಕ್ಕೆ ಬರುವವರು ಸೀದಾ ಡಾರ್ಜಿಲಿಂಗ್‌ಗೆ ಹಾರುತ್ತಾರೆ. ಹೆಸರು ದೊಡ್ಡದು ನೋಡಿ. ನನ್ನ ಅಭಿಪ್ರಾಯ ಕೇಳಿದರೆ ಮೊದಲು ನೀಲಗಿರಿ ತನ್ನಿ.

ಕಾರಣ ಸರಳ. ಈ ಎಲೆ ನಮ್ಮ ಕೈಯ ಹೆಚ್ಚು ಕಡಿಮೆಯನ್ನು ತಡೆದುಕೊಳ್ಳುತ್ತದೆ. ಒಳ್ಳೆಯ ನೀಲಗಿರಿ ಆರ್ಥಡಾಕ್ಸ್ ಎಲೆಯನ್ನು ಮೂರು ನಿಮಿಷದ ಬದಲು ಐದು ನಿಮಿಷ ಬಿಟ್ಟರೂ ಅಸ್ಸಾಂನಷ್ಟು ಒಗರಾಗುವುದಿಲ್ಲ. ಕುಕ್ಕರ್ ಸೀಟಿ ಎಣಿಸುತ್ತ, ಮಕ್ಕಳ ಡಬ್ಬಿ ಕಟ್ಟುತ್ತ ಚಹಾ ಮಾಡುವವರಿಗೆ ಇದು ಸಣ್ಣ ಮಾತಲ್ಲ. ರುಚಿ ತೆಳು, ಆದರೆ ಸಪ್ಪೆ ಅಲ್ಲ. ಹೂವಿನ ಘಮ, ಹಿಂದಿನಿಂದ ಒಂದು ಹಗುರ ಹಣ್ಣಿನ ಸಿಹಿ. ಸಕ್ಕರೆ ಇಲ್ಲದೆಯೂ ಗಂಟಲಿಗೆ ಇಳಿಯುತ್ತದೆ.

ಮಾಡುವ ರೀತಿ ಹೇಳುತ್ತೇನೆ, ಬೇರೆ ಉದ್ದೆಲೆಗೂ ಇದೇ ಕ್ರಮ. ಮುಚ್ಚಳ ಇರುವ ಸಣ್ಣ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಉದ್ದೆಲೆ ಹಗುರ, ಹಾಗಾಗಿ ಸಿಟಿಸಿಯ ಹಾಗೆ ಒಂದು ಚಮಚ ಸಾಲದು. ಒಂದು ಕಪ್ಪಿಗೆ ಚಹಾ ಚಮಚದಲ್ಲಿ ಗುಡ್ಡೆಯಾಗಿ ತುಂಬಿ ಒಂದೂವರೆ, ಎರಡು. ನೀರು ಕುದಿ ಬಂದ ಮೇಲೆ ಗ್ಯಾಸ್ ಆರಿಸಿ, ಅರ್ಧ ನಿಮಿಷ ಬಿಟ್ಟು ಎಲೆಯ ಮೇಲೆ ಸುರಿಯಿರಿ. ಮುಚ್ಚಿ. ಮೂರೂವರೆ ನಿಮಿಷಕ್ಕೆ ಮುಚ್ಚಳ ತೆಗೆದರೆ ಕಡ್ಡಿಯ ಹಾಗಿದ್ದದ್ದು ಬಿಚ್ಚಿಕೊಂಡು ಪೂರ್ತಿ ಎಲೆಯಾಗಿರುತ್ತದೆ. ಅಂಚಿನ ಗರಗಸದ ಹಲ್ಲು, ನಡುವಿನ ನರ, ಕೆಲವು ಕಡೆ ಎರಡೆಲೆ ಒಂದು ಮೊಗ್ಗು ಇನ್ನೂ ಕೂಡಿಕೊಂಡೇ ಇರುವುದು ಕಾಣುತ್ತದೆ. ನೀರು ತಾಮ್ರದ ಬಣ್ಣ. ಸೋಸಿಬಿಡಿ. ಎಲೆ ಪಾತ್ರೆಯಲ್ಲೇ ಇರಲಿ, ಅರ್ಧ ಗಂಟೆಯೊಳಗೆ ಎರಡನೇ ಸಲ ನೀರು ಹಾಕಬಹುದು. ಆಗ ಒಂದು ನಿಮಿಷ ಜಾಸ್ತಿ ಬಿಡಬೇಕು. ಆನ್‌ಲೈನ್‌ನಲ್ಲಿ ಮಾರುವ ಜಾಲರಿ ಉಂಡೆಗಳಿಗೆ ದುಡ್ಡು ಹಾಕಬೇಡಿ. ಅದರೊಳಗೆ ಎಲೆ ಬಿಚ್ಚಲು ಜಾಗವೇ ಇರುವುದಿಲ್ಲ.

ಇನ್ನೊಂದು ಗುಣ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಅಸ್ಸಾಂ ಚಹಾ ತಣ್ಣಗಾದರೆ ಮೋಡ ಕವಿದಂತೆ ಕದಡುತ್ತದೆ. ನೀಲಗಿರಿ ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ. ಐಸ್ ಟೀಗೆ ಇದನ್ನು ಹುಡುಕುವುದು ಅದಕ್ಕೇ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಮಧ್ಯಾಹ್ನ ಬಿಸಿ ಚಹಾ ಮುಟ್ಟಲು ಮನಸ್ಸಾಗುವುದಿಲ್ಲ. ಒಂದು ಲೀಟರ್ ತಣ್ಣೀರಿಗೆ ಎಂಟು ಹತ್ತು ಗ್ರಾಂ ನೀಲಗಿರಿ ಎಲೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸೋಸಿ, ಲಿಂಬೆ ಹಿಂಡಿ, ಬೇಕಾದರೆ ಬೆಲ್ಲದ ನೀರು ಬೆರೆಸಿ. ಬಿಸಿನೀರು ತಾಗಿಲ್ಲವಾದ್ದರಿಂದ ಒಗರು ಬಹಳ ಕಡಿಮೆ.

ಕೊರತೆಯೂ ಇದೆ. ನೀಲಗಿರಿಯಲ್ಲಿ ವರ್ಷವಿಡೀ ಎಲೆ ಕೀಳುತ್ತಾರೆ, ಬಹಳಷ್ಟು ಸಿಟಿಸಿಯಾಗಿಯೇ ಹೋಗುತ್ತದೆ. ಡಬ್ಬಿಯ ಮೇಲೆ ನೀಲಗಿರಿ ಎಂದಷ್ಟೇ ಇದ್ದರೆ ಅದು ಹಾಲಿಗೆ ಹಾಕುವ ಪುಡಿಯೂ ಇರಬಹುದು. ಆರ್ಥಡಾಕ್ಸ್ ಎಂಬ ಪದ ಇದೆಯಾ ನೋಡಿ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ಆಗ ಕಿತ್ತ ಎಲೆಯನ್ನು ಫ್ರಾಸ್ಟ್ ಟೀ, ವಿಂಟರ್ ಟೀ ಎಂದು ಮಾರುತ್ತಾರೆ. ಘಮ ಜಾಸ್ತಿ, ಬೆಲೆಯೂ ಜಾಸ್ತಿ. ಮೊದಲ ಸಲಕ್ಕೆ ಅದು ಬೇಡ. ಸಾದಾ ಆರ್ಥಡಾಕ್ಸ್ ರುಚಿ ಹತ್ತಿದ ಮೇಲೆ ಹೋಗಿ.

ಡಾರ್ಜಿಲಿಂಗ್: ಯಾವ ಫ್ಲಶ್ ಎಂದು ಕೇಳಿಯೇ ಕೊಳ್ಳಿ

1841ರಲ್ಲಿ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಎಂಬ ವೈದ್ಯ ತನ್ನ ಮನೆಯ ಅಂಗಳದಲ್ಲಿ ಬೀಜ ಹಾಕಿದ್ದರಿಂದ ಶುರುವಾದ ಕಥೆ ಇದು. ಇಲ್ಲಿಯ ಹಳೆಯ ತೋಟಗಳಲ್ಲಿ ಚೀನಾ ಜಾತಿಯ ಸಣ್ಣ ಎಲೆಯ ಗಿಡ. ಚಳಿ, ಮಂಜು, ಕಡಿದಾದ ಇಳಿಜಾರು. ಗಿಡ ನಿಧಾನವಾಗಿ ಚಿಗುರುತ್ತದೆ, ಇಳುವರಿ ಕಡಿಮೆ. ಬೆಲೆ ಏರುವುದಕ್ಕೆ ಇದೇ ಮೊದಲ ಕಾರಣ. ಊರಿನ ಹೆಸರನ್ನು ಕಾನೂನಿನಿಂದ ಕಾಯುವ ಭೌಗೋಳಿಕ ಗುರುತು (ಜಿಐ) ಸಿಕ್ಕ ದೇಶದ ಮೊದಲ ಉತ್ಪನ್ನವೂ ಡಾರ್ಜಿಲಿಂಗ್ ಚಹಾವೇ. ಆ ಹೆಸರಿಗೆ ಹಕ್ಕಿರುವುದು 87 ತೋಟಗಳಿಗೆ.

ಇಲ್ಲಿ ಕಾಲ ಮುಖ್ಯ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೀಳುವುದು ಫಸ್ಟ್ ಫ್ಲಶ್. ಹೆಸರಿಗೆ ಕರಿ ಚಹಾ, ನೋಡಲು ಎಲೆ ಅರ್ಧ ಹಸಿರು, ನೀರು ತೆಳು ಹಳದಿ. ಹಸಿ ಹೂವಿನ ಘಮ. ಚಹಾ ಬಲ್ಲವರು ಇದಕ್ಕೆ ಪ್ರಾಣ ಬಿಡುತ್ತಾರೆ. ಆದರೆ ಕಡಕ್ ಚಹಾದಲ್ಲಿ ಬೆಳೆದ ನಮ್ಮ ನಾಲಿಗೆಗೆ ಇದು "ಏನ್ರಿ ಇದು, ಬಿಸಿನೀರು ಕೊಟ್ಟಂಗ ಐತಿ" ಅನ್ನಿಸುವುದೇ ಜಾಸ್ತಿ. ಮನೆಗೆ ಬಂದ ಕಾಕಾಗೆ ಕೊಟ್ಟು ನೋಡಿ, ಬಸಿ ಕೆಳಗಿಟ್ಟು ಹಾಲು ಕೇಳುತ್ತಾರೆ. ದರ ಮಾತ್ರ ಎಲ್ಲಕ್ಕಿಂತ ಮೇಲೆ.

ಮೇ, ಜೂನ್‌ನ ಸೆಕೆಂಡ್ ಫ್ಲಶ್ ನನಗಿಷ್ಟ. ಬಣ್ಣ ಗಾಢ, ರುಚಿ ದುಂಡು. ಇದರ ಪ್ರಸಿದ್ಧ ಗುಣಕ್ಕೆ ಮಸ್ಕಟೆಲ್ ಎಂದು ಹೆಸರು, ಮಸ್ಕಟ್ ದ್ರಾಕ್ಷಿಯ ಪರಿಮಳ. ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನೊಳಗೆ ಕಾಲಿಟ್ಟಾಗ ಮೂಗಿಗೆ ಬರುವ ಸಿಹಿ ವಾಸನೆಯ ಹಾಗೆ ಎಂದರೆ ವಿಜಯಪುರದವರಿಗೆ ಬೇಗ ತಿಳಿಯುತ್ತದೆ. ಈ ಪರಿಮಳದ ಹಿಂದೆ ಒಂದು ಹುಳು ಇದೆ. ನಮ್ಮ ಹತ್ತಿ ಬೆಳೆಗಾರರು ಬಾಯಿಗೆ ಬಂದಂತೆ ಬೈಯುವ ಜಿಗಿಹುಳು ಗೊತ್ತಲ್ಲ, ಅದರ ಬಳಗದ್ದೇ ಒಂದು ಹಸಿರು ಹುಳು ಚಹಾದ ಚಿಗುರಿನ ರಸ ಹೀರುತ್ತದೆ. ಗಿಡ ತನ್ನ ರಕ್ಷಣೆಗೆ ಕೆಲವು ಪರಿಮಳದ ಅಂಶಗಳನ್ನು ಮಾಡಿಕೊಳ್ಳುತ್ತದೆ. ಕಪ್ಪಿನಲ್ಲಿ ನಮಗೆ ಸಿಗುವುದು ಅದರ ಫಲ. ಹತ್ತಿಯಲ್ಲಿ ನಷ್ಟ ಮಾಡುವ ಬಳಗ ಚಹಾದಲ್ಲಿ ಬೆಲೆ ಏರಿಸುತ್ತದೆ ನೋಡಿ.

ಮಾಡುವಾಗ ಜಾಗ್ರತೆ ಬೇಕು. ಫಸ್ಟ್ ಫ್ಲಶ್‌ಗೆ 85–90 ಡಿಗ್ರಿ, ಮೂರು ನಿಮಿಷದ ಒಳಗೆ. ಸೆಕೆಂಡ್ ಫ್ಲಶ್‌ಗೆ ಕುದಿಗಿಂತ ತುಸು ಕಡಿಮೆ, ಮೂರರಿಂದ ನಾಲ್ಕು ನಿಮಿಷ. ಥರ್ಮಾಮೀಟರ್ ಬೇಡ. ಕುದಿದ ನೀರನ್ನು ಒಂದು ಸಲ ಬೇರೆ ತಣ್ಣನೆಯ ಪಾತ್ರೆಗೆ ಬಗ್ಗಿಸಿದರೆ ಬಿಸಿ ಸಾಕಷ್ಟು ಇಳಿಯುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಚಹಾಕ್ಕೆ ಅದರಿಂದ ತೊಂದರೆ ಏನಿಲ್ಲ. ಸಕ್ಕರೆ ಹಾಕದೆ ಮೊದಲು ನಾಲ್ಕು ಗುಟುಕು ಕುಡಿದು ನೋಡಿ. ಯಾಲಕ್ಕಿ, ಶುಂಠಿ, ಗವತಿ ಚಹಾ (ಲಿಂಬೆಹುಲ್ಲು) ಇದರ ಹತ್ತಿರ ತರಬೇಡಿ.

ದೊಡ್ಡ ತೊಂದರೆ ನಕಲಿಯದು. ಪಕ್ಕದ ನೇಪಾಳದ ಎಲೆಯನ್ನು ಡಾರ್ಜಿಲಿಂಗ್ ಹೆಸರಲ್ಲಿ ಮಾರುವ ದೂರು ಹಳೆಯದು. ನೇಪಾಳದ ಇಲಾಮ್ ಕಡೆಯ ಚಹಾ ಕೆಟ್ಟದ್ದೇನಲ್ಲ. ಅದರ ಹೆಸರಲ್ಲೇ, ಅದರ ಬೆಲೆಗೇ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಆದರೆ ಡಾರ್ಜಿಲಿಂಗ್ ಎಂದು ದುಡ್ಡು ಕೊಡುವಾಗ ಟೀ ಬೋರ್ಡಿನ ಲಾಂಛನ, ಹೆಂಗಸೊಬ್ಬಳು ಎರಡೆಲೆ ಒಂದು ಮೊಗ್ಗು ಹಿಡಿದಿರುವ ಚಿತ್ರ, ಪೊಟ್ಟಣದ ಮೇಲಿದೆಯಾ ನೋಡಿ. ತೋಟದ ಹೆಸರು, ಫ್ಲಶ್, ಕಿತ್ತ ವರ್ಷ ಮೂರೂ ಬರೆದಿರುವುದು ಒಳ್ಳೆಯ ಲಕ್ಷಣ. ಚೀಲದಲ್ಲಿ ತೂಗಿ ಕೊಡುವ ಅಗ್ಗದ "ಡಾರ್ಜಿಲಿಂಗ್" ಕಂಡರೆ ಮುಂದೆ ನಡೆಯಿರಿ.

ಉಳಿದವು

ಕಾಂಗ್ಡಾ ಹಿಮಾಚಲದ್ದು. 1905ರ ಭೂಕಂಪದಲ್ಲಿ ಅಲ್ಲಿಯ ತೋಟಗಳು, ಕಾರ್ಖಾನೆಗಳು ನೆಲಕಚ್ಚಿದವು. ಆಮೇಲೆ ಆ ಚಹಾ ಹಳೆಯ ವೈಭವಕ್ಕೆ ಮರಳಲೇ ಇಲ್ಲ. ಹಗುರ ಮೈ, ಮೆಲು ಪರಿಮಳ. ಡಾರ್ಜಿಲಿಂಗ್ ಇಷ್ಟ, ಬೆಲೆ ಕಷ್ಟ ಅನ್ನುವವರು ನೋಡಬಹುದು. ಅಂಗಡಿಯಲ್ಲಿ ಕಾಣುವುದು ಅಪರೂಪ, ತರಿಸಿಕೊಳ್ಳಬೇಕು.

ಸಿಲೋನ್, ಅಂದರೆ ಶ್ರೀಲಂಕಾದ್ದು, ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ನುವಾರಾ ಎಲಿಯಾದ್ದು ತೆಳು, ಚುರುಕು. ತಗ್ಗಿನ ಪ್ರದೇಶದ್ದು ಗಾಢ. ಲಿಂಬೆ ಚಹಾಕ್ಕೆ ಚೆನ್ನ. ಆದರೆ ನೀಲಗಿರಿಗೆ ಬಹಳ ಹತ್ತಿರದ ರುಚಿ, ಹೊರದೇಶದ ಬೆಲೆ. ನಾನಾದರೆ ನೀಲಗಿರಿಯನ್ನೇ ಕೊಳ್ಳುತ್ತೇನೆ.

ಚಿಕ್ಕಮಗಳೂರು, ಕೊಡಗಿನಲ್ಲೂ ಚಹಾ ಬೆಳೆಯುತ್ತದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ಕಾಫಿಯ ನೆರಳಿನಲ್ಲಿ ಹೆಸರು ಮರೆಯಾಗಿದೆ, ಅಷ್ಟೇ. ಆ ಕಡೆ ಪ್ರವಾಸ ಹೋದರೆ ಒಂದು ಪೊಟ್ಟಣ ತನ್ನಿ. ಹಾಲಿಗೆ ಹೊಂದುತ್ತದೆ, ಆದರೆ ಗಟ್ಟಿತನ ಅಸ್ಸಾಂಗಿಂತ ಕಡಿಮೆ.

ಹಸಿರು ಚಹಾ ಬೇರೆಯದೇ ಲೋಕ. ಒಂದೇ ಮಾತು: ಕುದಿವ ನೀರು ಹಾಕಬೇಡಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುವಾಗಲೇ ಇಳಿಸಿ, ಎರಡು ನಿಮಿಷ ಸಾಕು. ಕಹಿ ಎಂದು ಬೈಸಿಕೊಳ್ಳುವ ಹಸಿರು ಚಹಾದಲ್ಲಿ ಬಹುಪಾಲು ಬೆಂದುಹೋದದ್ದು.

ಹಾಗಾದರೆ ಯಾರಿಗೆ ಯಾವುದು

ಎಂಟು ಹತ್ತು ಮಂದಿಯ ಮನೆ, ದಿನಕ್ಕೆ ಮೂರು ಸಲ ಚಹಾ, ಬಂದವರಿಗೆಲ್ಲ ಕೊಡಬೇಕು. ಅಸ್ಸಾಂ ಕಾಳಿಗೆ ಒಂದಿಷ್ಟು ಎಲೆ ಬೆರೆಸಿ. ಬೇರೆ ಯೋಚನೆ ಬೇಡ. ಇಲ್ಲಿ ದುಡ್ಡು ಜಾಸ್ತಿ ಹಾಕುವುದಾದರೆ ಪುಡಿಗಿಂತ ಒಳ್ಳೆಯ ಹಾಲಿಗೆ ಹಾಕಿ.

ಸಕ್ಕರೆ ಕಾಯಿಲೆ, ತೂಕ ಎಂದು ಹಾಲು ಸಕ್ಕರೆ ಎರಡನ್ನೂ ಬಿಡುವವರಿಗೆ ನೀಲಗಿರಿ. ಇದರಲ್ಲಿ ಒಂದು ಎಚ್ಚರ: ಊಟದ ಜೊತೆಗೇ ಕುಡಿಯಬೇಡಿ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಚಹಾ ಕುಗ್ಗಿಸುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇಟ್ಟುಕೊಳ್ಳುವುದು ಒಳ್ಳೆಯದು.

ಒಬ್ಬರೇ ಇರುವವರು, ಆಫೀಸಿನಲ್ಲಿ ಬಿಸಿನೀರು ಮಾತ್ರ ಸಿಗುವವರು, ರಾತ್ರಿ ಓದುವ ಹುಡುಗ ಹುಡುಗಿಯರು: ಇವರಿಗೂ ನೀಲಗಿರಿಯೇ. ಒಂದು ಸ್ಟೀಲ್ ಲೋಟ, ಒಂದು ಜರಡಿ, ಮುಚ್ಚಲು ಒಂದು ತಟ್ಟೆ ಇದ್ದರೆ ಆಯಿತು.

ಭಾನುವಾರ ಸಂಜೆ ಪುರುಸೊತ್ತಾಗಿ ಒಂದು ಕಪ್ಪು ಹಿಡಿದು ಕೂರುವ ಆಸೆ ಇದ್ದವರಿಗೆ ಡಾರ್ಜಿಲಿಂಗ್ ಸೆಕೆಂಡ್ ಫ್ಲಶ್, 50 ಗ್ರಾಂ. ಜೊತೆಗೆ ಕುಂದಾ ಬೇಡ, ಅದರ ಸಿಹಿ ಎಲ್ಲವನ್ನೂ ನುಂಗಿಬಿಡುತ್ತದೆ. ಖಾರಿ, ಟೋಸ್ಟು ಸಾಕು. ಉಡುಗೊರೆ ಕೊಡುವುದಾದರೆ ಮಾತ್ರ ಪಡೆಯುವವರು ಹಾಲು ಹಾಕುತ್ತಾರಾ ಎಂದು ಮೊದಲೇ ತಿಳಿದುಕೊಳ್ಳಿ. ಹಾಕುವವರಿಗೆ ಅಸ್ಸಾಂ ಎರಡನೇ ಫ್ಲಶ್‌ನ ಒಳ್ಳೆಯ ಡಬ್ಬಿಯೇ ಹೆಚ್ಚು ಸಂತೋಷ ಕೊಡುತ್ತದೆ.

ಗಂಡನಿಗೆ ಕಡಕ್ ಬೇಕು, ಹೆಂಡತಿಗೆ ಹಾಲು ಬೇಡ ಅನ್ನುವ ಮನೆಗಳೂ ಈಗ ಕಮ್ಮಿ ಏನಿಲ್ಲ. ಎರಡು ಡಬ್ಬಿ ಇಡಿ. ಒಂದು ದೊಡ್ಡದು, ಒಂದು ಚಿಕ್ಕದು. ಎರಡಕ್ಕೂ ಒಗ್ಗುವ ಒಂದು ಎಲೆ ಹುಡುಕುವುದಕ್ಕಿಂತ ಇದು ಅಗ್ಗ.

ಕೊಳ್ಳುವಾಗ, ಇಡುವಾಗ

ಪೊಟ್ಟಣದ ಮೇಲೆ ಎಫ್‌ಟಿಜಿಎಫ್‌ಓಪಿ, ಓಪಿ, ಬಿಓಪಿ ಎಂದು ಅಕ್ಷರಗಳ ಸಾಲು ಕಂಡರೆ ಗಾಬರಿ ಬೇಡ. ಎಲೆ ಎಷ್ಟು ದೊಡ್ಡದು, ಪೂರ್ತಿಯೋ ಮುರಿದದ್ದೋ, ತುದಿಮೊಗ್ಗು ಎಷ್ಟಿದೆ ಎಂದು ಅವು ಹೇಳುತ್ತವೆ. ರುಚಿ ಹೇಗಿದೆ ಎಂದು ಹೇಳುವುದಿಲ್ಲ. ಅಕ್ಷರ ಜಾಸ್ತಿ ಇದ್ದಷ್ಟೂ ದರ ಜಾಸ್ತಿ ಆಗುತ್ತದೆ, ಹಾಲಿಗೆ ಹಾಕುವವರಿಗೆ ಅದರಿಂದ ಉಪಯೋಗ ಇಲ್ಲ.

ಬಿಡಿ ಪುಡಿಯಲ್ಲಿ ಬಣ್ಣ ಹಾಕಿರುವ ಅನುಮಾನ ಬಂದರೆ ಬಿಳಿ ಫಿಲ್ಟರ್ ಕಾಗದದ ಮೇಲೆ ಒಂದು ಚಿಟಿಕೆ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಕಾಗದ ತೊಳೆಯಿರಿ. ಕಪ್ಪು ಕಂದು ಕಲೆ ಉಳಿದರೆ ಬಣ್ಣ ಇದೆ ಎಂದೇ ಲೆಕ್ಕ. ಕೈಯಲ್ಲಿ ಹಿಡಿದು ಮೂಸಿಯೂ ನೋಡಿ. ವಾಸನೆಯೇ ಇಲ್ಲದಿದ್ದರೆ ಅದು ಹಳೆಯ ಸರಕು.

ಚಹಾ ಎಲೆ ಸುತ್ತಲಿನ ವಾಸನೆಯನ್ನೂ ತೇವವನ್ನೂ ಬೇಗ ಹೀರುತ್ತದೆ. ಮಸಾಲೆ ಡಬ್ಬಿ, ಇಂಗು ಇರುವ ಕಪಾಟಿನಲ್ಲಿ ಇಟ್ಟರೆ ಡಾರ್ಜಿಲಿಂಗ್ ಸಾರಿನ ವಾಸನೆ ಹೊಡೆಯುತ್ತದೆ. ಗಾಜಿನ ಬಾಟಲಿ ಚಂದ ಕಾಣುತ್ತದೆ, ಬೆಳಕು ಬಿದ್ದು ಎಲೆ ಕೆಡುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಸರಿ. ಬೆಳಗಾವಿಯ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಉದ್ದೆಲೆಯನ್ನು 50 ಗ್ರಾಂಗಿಂತ ಜಾಸ್ತಿ ತರುವುದಿಲ್ಲ. ಬಾಗಲಕೋಟೆ, ವಿಜಯಪುರದ ಒಣ ಹವೆಯಲ್ಲಿ ಅಷ್ಟು ಚಿಂತೆ ಇಲ್ಲ, ಅಲ್ಲಿ ಬಿಸಿಲು ತಾಗದಂತೆ ಇಟ್ಟರೆ ಸಾಕು.

ಇಷ್ಟಾದ ಮೇಲೂ ತೀರ್ಮಾನ ಆಗದಿದ್ದರೆ ನೀಲಗಿರಿ 50 ಗ್ರಾಂ, ಅಸ್ಸಾಂ ಆರ್ಥಡಾಕ್ಸ್ 50 ಗ್ರಾಂ ತನ್ನಿ. ಒಂದೇ ನೀರು, ಒಂದೇ ಅಳತೆ, ಒಂದೇ ಹೊತ್ತು, ಎರಡು ಕಪ್ಪು ಪಕ್ಕಪಕ್ಕದಲ್ಲಿ. ಮೊದಲು ಬಿಸಿ ಇರುವಾಗ ಒಂದೊಂದು ಗುಟುಕು, ಹತ್ತು ನಿಮಿಷ ಬಿಟ್ಟು ಮತ್ತೊಂದು. ತಣ್ಣಗಾದ ಮೇಲೂ ಯಾವುದು ಕುಡಿಯಬೇಕು ಅನ್ನಿಸುತ್ತದೋ ಅದನ್ನು ಮುಂದಿನ ಸಲ 100 ಗ್ರಾಂ ತರಿಸಿ. ಎರಡೂ ಒಗ್ಗದಿದ್ದರೆ ಚಿಂತೆ ಇಲ್ಲ. ಉಳಿದ ಅಸ್ಸಾಂ ಎಲೆಯನ್ನು ಮನೆಯ ಹಾಲಿನ ಚಹಾದ ಡಬ್ಬಿಗೆ ಸುರಿದು ಬೆರೆಸಿ, ನೀಲಗಿರಿಯನ್ನು ಬೇಸಿಗೆಯ ಲಿಂಬೆ ಚಹಾಕ್ಕೆ ಎತ್ತಿಡಿ.